ಹಳೆಯ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡ್ ಬೋಲ್ಟುಗಳನ್ನು ಬಿಗಿಮಾಡುವ ಕ್ರಮ

ಹಳೆಯ ಕಾರಿನ ಎಂಜಿನ್ ನಿಂತಲ್ಲೇ ಓಡುವಾಗ ಒಮ್ಮೆ ಏರಿ ಒಮ್ಮೆ ಇಳಿದು ತೊದಲತೊಡಗಿದರೆ ಬಹಳಷ್ಟು ಜನರ ಕೈ ಮೊದಲು ಹೋಗುವುದು ಕಾರ್ಬ್ಯುರೇಟರಿನ ಸ್ಕ್ರೂಗೆ. ನಾನು ಮೊದಲು ನೋಡುವುದು ಇನ್‌ಟೇಕ್ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿರುವ ಬೋಲ್ಟುಗಳನ್ನು. ಕಾರ್ಬ್ಯುರೇಟರಿನಲ್ಲಿ ಬೆರೆತ ಗಾಳಿ ಮತ್ತು ಪೆಟ್ರೋಲನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗಳ ಜೋಡಣೆಯೇ ಈ ಮ್ಯಾನಿಫೋಲ್ಡ್; ಹೆಡ್ ಎಂದರೆ ಸಿಲಿಂಡರುಗಳನ್ನು ಮುಚ್ಚುವ ಎಂಜಿನ್ ಭಾಗ. ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಹೆಡ್ ಬೀಡು ಕಬ್ಬಿಣದ್ದು, ಮ್ಯಾನಿಫೋಲ್ಡ್ ಅಲ್ಯೂಮಿನಿಯಂನದು. ಆ ಕಾರು ನನ್ನ ಕೈಗೆ ಬಂದಾಗ ಗಾಳಿಗೆ ಬೆರೆಯುವ ಪೆಟ್ರೋಲಿನ ಪ್ರಮಾಣವನ್ನು ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಇರಬೇಕಾದುದಕ್ಕಿಂತ ಬಹಳ ಹೊರಗೆ ಬಂದಿತ್ತು. ಯಾರೋ ಗಾಳಿಯ ಸೋರಿಕೆಯನ್ನು ಹೆಚ್ಚುವರಿ ಪೆಟ್ರೋಲಿನಿಂದ ಮುಚ್ಚಿದ್ದರು. ಮ್ಯಾನಿಫೋಲ್ಡಿನ ಎರಡು ತುದಿಯ ಬೋಲ್ಟುಗಳು ಸಾಕೆಟ್ಟನ್ನು ಬೆರಳಿನಲ್ಲಿ ಹಿಡಿದು ತಿರುಗಿಸಿದರೂ ತಿರುಗುತ್ತಿದ್ದವು. ನಡುವಿನದು ಮಾತ್ರ ವಾಷರ್ ಅಲ್ಯೂಮಿನಿಯಂನೊಳಗೆ ಅಚ್ಚೊತ್ತುವಷ್ಟು ಬಿಗಿಯಾಗಿತ್ತು. ಫ್ಲೇಂಜಿನ (ಹೆಡ್ಡಿಗೆ ಕೂರುವ ಚಪ್ಪಟೆ ಅಂಚಿನ) ಸುತ್ತ ಸಿಲಿಕೋನ್ ಮೆತ್ತಿ ಕೆಲಸ ಮುಗಿಸಿದ್ದರು.

ಇಂಥ ಕೆಲಸವನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಎಂಜಿನ್‌ನಲ್ಲಿ ಮಾಡುವ ಕೆಲಸಗಳಲ್ಲಿ ಇದಕ್ಕೆ ಬೇಕಾಗುವ ಬಲ ಬಹಳ ಕಡಿಮೆ. ಬೇಕಾಗುವುದು ತಾಳ್ಮೆ, ಸ್ವಚ್ಛತೆ ಮತ್ತು ಕ್ರಮ. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಎಷ್ಟು ದುಬಾರಿ ಟಾರ್ಕ್ ರೆಂಚ್ ತಂದರೂ ಪ್ರಯೋಜನವಿಲ್ಲ.

ಬೋಲ್ಟ್ ಮಾಡುವ ಕೆಲಸ

ಬೋಲ್ಟನ್ನು ಬಿಗಿಮಾಡಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮೊದಲಿನ ಉದ್ದಕ್ಕೆ ಮರಳಲು ಎಳೆಯುತ್ತಲೇ ಇರುತ್ತದೆ. ಆ ಎಳೆತವೇ ಮ್ಯಾನಿಫೋಲ್ಡನ್ನು ಗ್ಯಾಸ್ಕೆಟ್ (ಸೋರದಂತೆ ಹೆಡ್ಡಿಗೂ ಅದಕ್ಕೂ ನಡುವೆ ಇಡುವ ತೆಳು ಪದರ) ಮೇಲೆ ಒತ್ತಿ ಹಿಡಿಯುವ ಶಕ್ತಿ. ಟಾರ್ಕ್ ರೆಂಚ್ ಈ ಎಳೆತವನ್ನು ಅಳೆಯುವುದಿಲ್ಲ. ನಾವು ತಿರುಗಿಸುವ ಬಲವನ್ನು ಮಾತ್ರ ಅಳೆಯುತ್ತದೆ; ಕ್ಲಿಕ್ ಬಗೆಯದಾದರೆ ಇಟ್ಟ ಅಂಕಿ ಮುಟ್ಟಿದಾಗ ಕ್ಲಿಕ್ ಎನ್ನುತ್ತದೆ. ಆ ಬಲದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ, ಸುಮಾರು 40 ಪ್ರತಿಶತ ಥ್ರೆಡ್ಡಿನ ಘರ್ಷಣೆಗೆ ಹೋಗಿಬಿಡುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಸುಮಾರು 10 ಪ್ರತಿಶತ.

ಆದ್ದರಿಂದಲೇ ಥ್ರೆಡ್ಡಿನ ಸ್ಥಿತಿ ಇಷ್ಟು ಮುಖ್ಯ. 8 ಮಿಲಿಮೀಟರಿನ ಬೋಲ್ಟನ್ನು ಒಣ ಥ್ರೆಡ್ಡಿನಲ್ಲಿ 20 ನ್ಯೂಟನ್ ಮೀಟರಿಗೆ ಬಿಗಿಮಾಡಿದರೆ ಅದು ಸುಮಾರು 12,500 ನ್ಯೂಟನ್ ಎಳೆತ ಕೊಡುತ್ತದೆ, ಅಂದರೆ ಸುಮಾರು ಒಂದೂಕಾಲು ಟನ್ ಭಾರ. ಅದೇ ಬೋಲ್ಟಿಗೆ ಎಣ್ಣೆ ಹಚ್ಚಿ ಅದೇ 20ಕ್ಕೆ ಬಿಗಿಮಾಡಿದರೆ ಎಳೆತ ಸುಮಾರು 16,500 ನ್ಯೂಟನ್ ದಾಟಬಹುದು. ತುಕ್ಕು ಹಿಡಿದು ಹಳೆಯ ಅಂಟು ತುಂಬಿದ ಥ್ರೆಡ್ಡಾದರೆ ರೆಂಚ್ 20 ಎಂದು ಕ್ಲಿಕ್ ಎಂದರೂ ಗ್ಯಾಸ್ಕೆಟ್ ಮೇಲೆ ಅದರ ಅರ್ಧದಷ್ಟೂ ಒತ್ತಡ ಬೀಳದೆ ಹೋಗಬಹುದು. ಕೈಪಿಡಿಯಲ್ಲಿ ಕೊಟ್ಟ ಅಂಕಿ ಸ್ವಚ್ಛವಾದ, ಒಣಗಿದ ಥ್ರೆಡ್ಡಿಗೆ ಎಂದೇ ಸಾಮಾನ್ಯವಾಗಿ ಭಾವಿಸಬೇಕು. ಎಣ್ಣೆ ಅಥವಾ ಸೀಲೆಂಟ್ ಹಚ್ಚಿ ಎಂದು ಅದೇ ಹೇಳಿದ್ದರೆ ಮಾತ್ರ ಹಚ್ಚಬೇಕು.

ಇನ್ನೊಂದು ಸಂಗತಿ ಬಿಸಿ. ಅಲ್ಯೂಮಿನಿಯಂ ಬೀಡು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 400 ಮಿಲಿಮೀಟರ್ ಉದ್ದದ ಮ್ಯಾನಿಫೋಲ್ಡ್ 80 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು ಮುಕ್ಕಾಲು ಮಿಲಿಮೀಟರ್ ಉದ್ದವಾಗುತ್ತದೆ. ಅದರ ಪಕ್ಕದ ಕಬ್ಬಿಣದ ಹೆಡ್ ಅದರ ಅರ್ಧದಷ್ಟು ಮಾತ್ರ. ಪ್ರತಿ ಬಾರಿ ಎಂಜಿನ್ ಬಿಸಿಯಾಗಿ ತಣಿದಾಗಲೂ ಫ್ಲೇಂಜ್ ಗ್ಯಾಸ್ಕೆಟ್ ಮೇಲೆ ಸ್ವಲ್ಪ ಜಾರಿ ಹಿಂದಿರುಗುತ್ತದೆ. ವರ್ಷಾನುಗಟ್ಟಲೆ ಹೀಗಾದಾಗ ಗ್ಯಾಸ್ಕೆಟ್ ಸವೆದು ತೆಳುವಾಗುತ್ತದೆ, ಬೋಲ್ಟಿನ ಎಳೆತ ಇಳಿಯುತ್ತದೆ. ಯಾರೂ ಮುಟ್ಟದ ಎಂಜಿನ್‌ನಲ್ಲೂ ಬೋಲ್ಟುಗಳು ಸಡಿಲವಾಗಿರುವುದು ಇದರಿಂದಲೇ. ಜಾರಾಟ ತುದಿಗಳಲ್ಲಿ ಹೆಚ್ಚು, ಹಾಗಾಗಿ ಸೋರಿಕೆಯೂ ಹೆಚ್ಚಾಗಿ ತುದಿಯ ಸಿಲಿಂಡರಿನಿಂದ ಶುರುವಾಗುತ್ತದೆ.

ಸೋರಿದರೆ ಆಗುವುದೇನು? ಐಡ್ಲಿಂಗ್‌ನಲ್ಲಿ (ಎಂಜಿನ್ ನಿಂತಲ್ಲೇ ಓಡುವಾಗ) ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಬಹಳ ಕಡಿಮೆ. ಸಣ್ಣ ಸಂದು ಸಿಕ್ಕಿದರೂ ಗಾಳಿ ಒಳಗೆ ನುಗ್ಗುತ್ತದೆ. ಆ ಗಾಳಿಗೆ ಕಾರ್ಬ್ಯುರೇಟರ್ ಪೆಟ್ರೋಲ್ ಬೆರೆಸಿರುವುದಿಲ್ಲ. ಆ ಸಿಲಿಂಡರಿನ ಮಿಶ್ರಣ ತೆಳುವಾಗುತ್ತದೆ, ಉರಿಯುವುದು ತಪ್ಪುತ್ತದೆ. ಭಾರ ಎಳೆಯುವಾಗ ಅತಿಯಾಗಿ ಬಿಸಿಯೇರಿ ಕೊನೆಗೆ ಎಗ್ಸಾಸ್ಟ್ ವಾಲ್ವ್ ಸುಡುವವರೆಗೂ ಹೋಗಬಹುದು. ಬ್ರೇಕ್ ಬೂಸ್ಟರ್ ಇರುವ ಪೆಟ್ರೋಲ್ ಕಾರುಗಳಲ್ಲಿ ಅದಕ್ಕೆ ನಿರ್ವಾತ ಹೋಗುವುದೂ ಸಾಮಾನ್ಯವಾಗಿ ಇದೇ ಮ್ಯಾನಿಫೋಲ್ಡಿನಿಂದ. ಹಾಗಾಗಿ ಇದನ್ನು ಬರೀ ಐಡ್ಲಿಂಗ್ ಸಮಸ್ಯೆ ಎಂದು ತಳ್ಳಿಹಾಕಬೇಡಿ.

ಕೈಪಿಡಿ ಮತ್ತು ರೆಂಚ್

ನಿಮ್ಮ ಎಂಜಿನ್‌ನ ರಿಪೇರಿ ಕೈಪಿಡಿಯನ್ನು ಹೇಗಾದರೂ ಮಾಡಿ ಸಂಪಾದಿಸಿ. 8 ಮಿಲಿಮೀಟರಿನ ಇನ್‌ಟೇಕ್ ಬೋಲ್ಟುಗಳಿಗೆ ಸಾಮಾನ್ಯವಾಗಿ 15ರಿಂದ 25 ನ್ಯೂಟನ್ ಮೀಟರ್, 6 ಮಿಲಿಮೀಟರಿನವಕ್ಕೆ 8ರಿಂದ 10 ಎಂಬಂತೆ ಇರುತ್ತದೆ. ಇದು ನೀವು ಓದಿದ ಅಂಕಿ ನಂಬುವಂತಿದೆಯೇ ಎಂದು ನೋಡಲು ಮಾತ್ರ. ಬಿಗಿಮಾಡಲು ನಿಮ್ಮದೇ ಎಂಜಿನ್‌ನ ಅಂಕಿ ಬೇಕು.

ಹಳೆಯ ಕೈಪಿಡಿಗಳಲ್ಲಿ ಅಂಕಿಗಿಂತ ಅಳತೆಯ ಘಟಕವೇ ಹೆಚ್ಚು ಅಪಾಯಕಾರಿ. ಕೆಲವು ಕಿಲೋಗ್ರಾಂ ಮೀಟರಿನಲ್ಲಿ ಕೊಡುತ್ತವೆ, ಅದನ್ನು 9.8ರಿಂದ ಗುಣಿಸಿದರೆ ನ್ಯೂಟನ್ ಮೀಟರ್. ಕೆಲವು ಪೌಂಡ್ ಅಡಿಯಲ್ಲಿ, ಅದನ್ನು 1.356ರಿಂದ ಗುಣಿಸಬೇಕು. ಸಣ್ಣ ಬೋಲ್ಟುಗಳಿಗೆ ಪೌಂಡ್ ಅಂಗುಲ ಬಳಸುವುದುಂಟು, ಇಂಥ 12 ಸೇರಿದರೆ ಒಂದು ಪೌಂಡ್ ಅಡಿ. ಪೌಂಡ್ ಅಂಗುಲದ ಅಂಕಿಯನ್ನು ಪೌಂಡ್ ಅಡಿ ಎಂದು ಓದಿಕೊಂಡವರ ಬೋಲ್ಟ್ ತುಂಡಾಗದೆ ಬೇರೆ ದಾರಿಯಿಲ್ಲ. ನಾನು ಅಂಕಿಯನ್ನು ಮೊದಲೇ ನ್ಯೂಟನ್ ಮೀಟರಿಗೆ ಪರಿವರ್ತಿಸಿ, ದಪ್ಪ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು, ಬಾನೆಟ್ಟಿನ ಒಳಭಾಗಕ್ಕೆ ಟೇಪ್ ಹಚ್ಚಿ ಅಂಟಿಸುತ್ತೇನೆ. ಕೈ ಜಿಡ್ಡಾಗಿರುವಾಗ ಪುಟ ತಿರುವುವುದೂ ಬೇಡ, ಮನಸ್ಸಿನಲ್ಲೇ ಲೆಕ್ಕ ಹಾಕುವುದೂ ಬೇಡ.

ಚಕ್ರದ ನಟ್ಟಿಗೆಂದು ಇರುವ 40ರಿಂದ 200ರವರೆಗಿನ ದೊಡ್ಡ ಟಾರ್ಕ್ ರೆಂಚ್ ಇಲ್ಲಿಗೆ ಬಾರದು. ಅದರ ಅಳತೆ ಶುರುವಾಗುವ ಹೊತ್ತಿಗೆ ನಿಮ್ಮ ಥ್ರೆಡ್ ಹೋಗಿರುತ್ತದೆ. 5ರಿಂದ 25ರವರೆಗಿನದು, ಇಲ್ಲವೇ 10ರಿಂದ 60ರವರೆಗಿನದು ಬೇಕು. ನಿಮಗೆ ಬೇಕಾದ ಅಂಕಿ ಆ ರೆಂಚಿನ ವ್ಯಾಪ್ತಿಯ ನಡುಭಾಗದಲ್ಲಿ ಬಂದರೆ ಒಳ್ಳೆಯದು. ತೀರಾ ಕೆಳತುದಿಯಲ್ಲಿ ಕ್ಲಿಕ್ ರೆಂಚುಗಳು ಅಷ್ಟು ನಂಬಿಕಸ್ತವಲ್ಲ. ಕಡ್ಡಿ ಬಾಗುವುದನ್ನು ಮುಳ್ಳಿನಿಂದ ತೋರಿಸುವ ಸರಳ ರೆಂಚ್ ಇದ್ದರೂ ಸಾಕು. ಅದರಲ್ಲಿ ಕೆಡುವಂಥ ಸ್ಪ್ರಿಂಗ್ ಇಲ್ಲ, ಮುಳ್ಳನ್ನು ನೇರವಾಗಿ ಮೇಲಿನಿಂದ ನೋಡಿ ಓದಬೇಕಷ್ಟೆ. ಟಾರ್ಕ್ ರೆಂಚಿನಿಂದ ಬೋಲ್ಟ್ ಬಿಚ್ಚಬೇಡಿ. ಕೆಲಸ ಮುಗಿದ ಮೇಲೆ ಕ್ಲಿಕ್ ರೆಂಚನ್ನು ಅದರ ಕನಿಷ್ಠ ಅಂಕಿಗೆ ಇಳಿಸಿ ಇಡಿ, ಅದಕ್ಕಿಂತಲೂ ಕೆಳಗೆ ಸಡಿಲಿಸಬೇಡಿ.

ಇವುಗಳ ಜೊತೆಗೆ ಹೊಸ ಗ್ಯಾಸ್ಕೆಟ್, ಪ್ಲಾಸ್ಟಿಕ್ ಸ್ಕ್ರೇಪರ್, ಸಂದಿನ ಅಗಲ ಅಳೆಯುವ ತೆಳು ತಗಡುಗಳ ಫೀಲರ್ ಗೇಜ್, ಒಂದು ನೇರವಾದ ಉಕ್ಕಿನ ಪಟ್ಟಿ, ಬ್ರೇಕ್ ಕ್ಲೀನರ್, ಥ್ರೆಡ್ ಶುಚಿ ಮಾಡುವ ಚೇಸರ್, ಸಣ್ಣ ಕನ್ನಡಿ, ಟಾರ್ಚ್, ಕಣ್ಣಿಗೆ ಕನ್ನಡಕ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿಯೆಲ್ಲ ನಿಂತ ಕಾರಿನ ಮೇಲೆ ಬೆಳಿಗ್ಗೆ ಕೆಲಸ ಶುರುಮಾಡುವುದು ನನ್ನ ಪದ್ಧತಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಪೆಟ್ರೋಲ್ ಪೈಪ್ ಬಿಚ್ಚಿದ ಕೂಡಲೇ ಅದರ ಬಾಯಿ ಮುಚ್ಚಿ, ಚೆಲ್ಲಿದ ಪೆಟ್ರೋಲ್ ಒರೆಸಿ ಆ ಬಟ್ಟೆಯನ್ನು ದೂರ ಇಡಿ. ಕೆಲವು ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡನ್ನು ಬೆಚ್ಚಗಿಡಲು ರೇಡಿಯೇಟರಿನ ನೀರು ಅದರೊಳಗೆ ಹರಿಯುತ್ತದೆ. ಅಂಥದ್ದಾದರೆ ಮೊದಲು ನೀರನ್ನು ಆ ಮಟ್ಟಕ್ಕಿಂತ ಕೆಳಗೆ ಇಳಿಸಬೇಕು. ಹಾಗೆ ಇಳಿಸಿದ ಕೂಲೆಂಟನ್ನು ತೆರೆದ ಬೋಗುಣಿಯಲ್ಲಿ ಬಿಡಬೇಡಿ. ಅದರ ಸಿಹಿಗೆ ನಾಯಿ ಬೆಕ್ಕುಗಳು ನೆಕ್ಕುತ್ತವೆ, ಅದು ಅವಕ್ಕೆ ವಿಷ.

ಬೋಲ್ಟ್ ಬಿಚ್ಚುವಾಗ ಬಿಗಿಮಾಡುವ ಕ್ರಮದ ತಿರುವುಮುರುವು: ಹೊರಗಿನವುಗಳಿಂದ ಶುರುಮಾಡಿ ನಡುವಿಗೆ ಬನ್ನಿ. ಒಂದನ್ನೇ ಪೂರ್ತಿ ಬಿಚ್ಚದೆ ಎಲ್ಲವನ್ನೂ ಕಾಲು ಸುತ್ತು, ಮತ್ತೆ ಅರ್ಧ ಸುತ್ತು ಎಂದು ಸಡಿಲಿಸುತ್ತಾ ಹೋಗಿ. ಒಂದು ಬೋಲ್ಟ್ ಹಠ ಹಿಡಿದರೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕಾಯಿರಿ. ಆಮೇಲೆ ಮೊದಲು ಬಿಗಿಮಾಡುವ ಕಡೆಗೇ ಒಂದು ಚೂರು ಅಲುಗಿಸಿ, ನಂತರ ಬಿಚ್ಚುವ ಕಡೆಗೆ ತನ್ನಿ. ತುಕ್ಕಿನ ಹಿಡಿತ ಒಡೆಯುವ ಸಣ್ಣ ಸದ್ದು ಕಿವಿಗೆ ಬೀಳುತ್ತದೆ. ಅಲ್ಲಿಯವರೆಗೆ ಉದ್ದನೆಯ ಪೈಪ್ ಹಾಕಿ ಎಳೆಯುವ ಆಸೆಯನ್ನು ತಡೆದುಕೊಳ್ಳಿ.

ಬೋಲ್ಟುಗಳ ಉದ್ದ ಒಂದೇ ಎಂದುಕೊಳ್ಳಬೇಡಿ. ರಟ್ಟಿನ ಮೇಲೆ ಮ್ಯಾನಿಫೋಲ್ಡಿನ ಆಕಾರ ಬರೆದು, ಬೋಲ್ಟ್ ಇದ್ದ ಜಾಗದಲ್ಲಿ ತೂತು ಮಾಡಿ, ಬಿಚ್ಚಿದ್ದನ್ನು ವಾಷರ್ ಸಮೇತ ಅಲ್ಲೇ ಸಿಕ್ಕಿಸಿ. ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ತಳಕ್ಕೆ ತಾಗಿ ನಿಲ್ಲುತ್ತದೆ. ರೆಂಚ್ ಕ್ಲಿಕ್ ಎನ್ನುತ್ತದೆ, ಮ್ಯಾನಿಫೋಲ್ಡ್ ಮಾತ್ರ ಸಡಿಲವಾಗಿಯೇ ಇರುತ್ತದೆ.

ಶುಚಿ ಮಾಡುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಹಿಡಿಯಬೇಕಾದದ್ದು ಇದು. ಬಿಗಿಮಾಡಲು ಅರ್ಧ ಗಂಟೆ ಬೇಕಾದರೆ ಶುಚಿಗೆ ಅರ್ಧ ದಿನ ಕೊಡಿ.

ಮ್ಯಾನಿಫೋಲ್ಡ್ ತೆಗೆದ ಕೂಡಲೇ ಹೆಡ್ಡಿನ ಪ್ರತಿ ಪೋರ್ಟಿಗೂ (ಮಿಶ್ರಣ ಒಳಹೋಗುವ ಕಿಂಡಿಗೂ) ಸ್ವಚ್ಛವಾದ ಬಟ್ಟೆ ತುರುಕಿ. ಬಟ್ಟೆಯ ತುದಿ ಹೊರಗೆ ಜೋತುಬಿದ್ದಿರಲಿ, ಎಷ್ಟು ತುಂಡು ಹಾಕಿದಿರಿ ಎಂದು ಚೀಟಿಯಲ್ಲಿ ಬರೆಯಿರಿ. ಹಳೆಯ ಗ್ಯಾಸ್ಕೆಟನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಎಬ್ಬಿಸಿ. ಅಲ್ಯೂಮಿನಿಯಂ ಮೆದು, ಉಳಿಯಿಂದ ಗೀರಿದರೆ ಆ ಗೀರೇ ಸೋರಿಕೆಯ ಕಾಲುವೆಯಾಗುತ್ತದೆ. ಡ್ರಿಲ್ಲಿಗೆ ಸಿಕ್ಕಿಸುವ ಒರಟು ಡಿಸ್ಕುಗಳನ್ನು ಇಲ್ಲಿ ಬಳಸಲೇಬೇಡಿ. ಅವು ಮೇಲ್ಮೈಯನ್ನು ಅಲ್ಲಲ್ಲಿ ತಗ್ಗು ಮಾಡುತ್ತವೆ, ಅವುಗಳ ಪುಡಿ ಎಂಜಿನ್ ಒಳಗೆ ಹೋದರೆ ಬೇರಿಂಗುಗಳನ್ನು ತಿನ್ನುತ್ತದೆ. ಕೆಲವು ದಶಕಗಳ ಹಿಂದಿನ ಗ್ಯಾಸ್ಕೆಟುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಆದ್ದರಿಂದ ಅದನ್ನು ಒಣದಾಗಿ ಉಜ್ಜಬೇಡಿ, ಒದ್ದೆ ಮಾಡಿ ತೆಗೆಯಿರಿ, ಊದಿ ಹಾರಿಸಬೇಡಿ.

ಬೋಲ್ಟಿನ ತೂತುಗಳಿಗೆ ಚೇಸರನ್ನು ಕೈಯಲ್ಲೇ ತಿರುಗಿಸಿ. ಹೊಸ ಥ್ರೆಡ್ ಕೊರೆಯುವ ಟ್ಯಾಪ್ ಲೋಹವನ್ನು ಕತ್ತರಿಸಿ ಇರುವ ಥ್ರೆಡ್ಡನ್ನು ತೆಳುವಾಗಿಸಬಹುದು. ಚೇಸರ್ ಕೊಳೆಯನ್ನು ಮಾತ್ರ ತೆಗೆಯುತ್ತದೆ. ಆಮೇಲೆ ಬ್ರೇಕ್ ಕ್ಲೀನರ್ ಸಿಂಪಡಿಸಿ, ಕನ್ನಡಕ ಹಾಕಿಕೊಂಡು ಗಾಳಿಯಿಂದ ಊದಿ ಒಣಗಿಸಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ಉಳಿದಿದ್ದರೆ ಬೋಲ್ಟ್ ಇಳಿಯುವಾಗ ಆ ದ್ರವಕ್ಕೆ ಹೋಗಲು ಜಾಗವಿರುವುದಿಲ್ಲ, ಅದರ ಒತ್ತಡಕ್ಕೆ ಹೆಡ್ಡಿನ ಲೋಹವೇ ಬಿರಿಯಬಹುದು. ಇನ್ನು ಕೆಲವು ತೂತುಗಳು ಕೂಲೆಂಟ್ ಹರಿಯುವ ನೀರಿನ ಜಾಕೆಟ್ಟಿಗೆ ತೆರೆದುಕೊಂಡಿರುತ್ತವೆ. ಸಣ್ಣ ತಂತಿ ಇಳಿಸಿ ನೋಡಿದರೆ ತಿಳಿಯುತ್ತದೆ. ಅಂಥ ಬೋಲ್ಟಿನ ಥ್ರೆಡ್ಡಿಗೆ ಸೀಲೆಂಟ್ ಬೇಕು, ಇಲ್ಲದಿದ್ದರೆ ಕೂಲೆಂಟ್ ಥ್ರೆಡ್ ಹಿಡಿದು ಮೇಲೇರಿ ಬರುತ್ತದೆ.

ಬೋಲ್ಟುಗಳನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ನಡುವೆ ಸೊಂಟದಂತೆ ಸಣ್ಣಗಾಗಿದ್ದರೆ ಅದು ಹಿಗ್ಗಿ ಹಾಳಾದ ಬೋಲ್ಟ್. ಹೊಸದನ್ನು ತರುವಾಗ ತಲೆಯ ಮೇಲಿನ ಗಟ್ಟಿತನದ ಗುರುತು ನೋಡಿ, 8.8 ಎಂದಿದ್ದ ಜಾಗಕ್ಕೆ 8.8 ಅನ್ನೇ ಹಾಕಿ. ಗುರುತಿಲ್ಲದ ಮೆದು ಬೋಲ್ಟ್ ಬೇಡ. 10.9 ಹಾಕಿದರೆ ಇನ್ನೂ ಬಿಗಿಮಾಡಬಹುದು ಎಂಬ ಎಣಿಕೆಯೂ ಬೇಡ, ಅಲ್ಯೂಮಿನಿಯಂ ಹೆಡ್ಡಾದರೆ ಮೊದಲು ಕೈಕೊಡುವುದು ಹೆಡ್ಡಿನ ಥ್ರೆಡ್ಡೇ. ಈಗಾಗಲೇ ಥ್ರೆಡ್ ಹೋಗಿದ್ದರೆ ದಪ್ಪ ಬೋಲ್ಟ್ ತುರುಕಬೇಡಿ. ಉಕ್ಕಿನ ಸುರುಳಿಯ ಹೆಲಿಕಾಯಿಲ್ ಕೂರಿಸಿದರೆ ಮೂಲ ಅಳತೆಯ ಬೋಲ್ಟೇ ಮತ್ತೆ ಹಿಡಿಯುತ್ತದೆ, ಎಷ್ಟೋ ಬಾರಿ ಮೊದಲಿಗಿಂತ ಗಟ್ಟಿಯಾಗಿ.

ಈಗ ಉಕ್ಕಿನ ಪಟ್ಟಿಯನ್ನು ಮ್ಯಾನಿಫೋಲ್ಡಿನ ಮುಖದ ಮೇಲೆ ಉದ್ದಕ್ಕೂ, ಮೂಲೆಯಿಂದ ಮೂಲೆಗೂ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. ಮಿತಿ ಎಷ್ಟು ಎಂದು ಕೈಪಿಡಿ ಹೇಳುತ್ತದೆ, 0.1 ಮಿಲಿಮೀಟರ್ ಎಂಬುದು ಹಲವು ಎಂಜಿನ್‌ಗಳಲ್ಲಿ ಕಾಣುವ ಅಂಕಿ. ಅದನ್ನು ಮೀರಿದ್ದರೆ ಮುಖವನ್ನು ಮಷೀನಿನಲ್ಲಿ ಸಮ ಮಾಡಿಸಬೇಕು. ಬಾಗಿದ ಫ್ಲೇಂಜನ್ನು ಬೋಲ್ಟಿನ ಬಲದಿಂದ ನೇರ ಮಾಡಲು ಹೋದವರು ಮೂಲೆ ಮುರಿದ ಮ್ಯಾನಿಫೋಲ್ಡ್ ಹಿಡಿದು ನಿಲ್ಲುತ್ತಾರೆ.

ಕೂರಿಸುವುದು

ಪೋರ್ಟಿನ ಬಟ್ಟೆಗಳನ್ನು ಚೀಟಿಯ ಲೆಕ್ಕಕ್ಕೆ ಸರಿಯಾಗಿ ಹೊರತೆಗೆಯಿರಿ. ಗ್ಯಾಸ್ಕೆಟನ್ನು ಒಣದಾಗಿಯೇ ಇಟ್ಟು ಪ್ರತಿ ಕಿಂಡಿಯೂ ಪೋರ್ಟಿಗೆ ಹೊಂದುತ್ತದೆಯೇ ನೋಡಿ. ಕೈಪಿಡಿ ಕೇಳದ ಹೊರತು ಸಿಲಿಕೋನ್ ಬೇಡ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿಗೆ ತಡೆಯುವುದಿಲ್ಲ. ಉಬ್ಬಿ, ಮೆತ್ತಗಾಗಿ, ಚೂರುಚೂರಾಗಿ ಒಳಗೆ ಸೆಳೆಯಲ್ಪಡುತ್ತದೆ. ನನ್ನ ಕಾರಿನ ಪೋರ್ಟಿನೊಳಗೆ ಅಂಥ ಚೂರುಗಳು ಅಂಟಿಕೊಂಡಿದ್ದವು. ವಿ ಆಕಾರದ ಕೆಲವು ಎಂಜಿನ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಅಂಚಿಗೆ ಅದು ಬೇಕಾಗುತ್ತದೆ, ಆದರೆ ಅಲ್ಲಿ ಅದು ತಡೆಯುವುದು ಎಂಜಿನ್ ಎಣ್ಣೆಯನ್ನು, ಪೆಟ್ರೋಲನ್ನಲ್ಲ.

ಸ್ಟಡ್ (ಹೆಡ್ಡಿನಲ್ಲೇ ನಿಂತಿರುವ, ತಲೆಯಿಲ್ಲದ ಬೋಲ್ಟ್) ಇಲ್ಲದ ಹೆಡ್ಡಾದರೆ ಗ್ಯಾಸ್ಕೆಟ್ ಜಾರದಂತೆ ಹಿಡಿಯುವುದೇ ಕಷ್ಟ. ಅದೇ ಅಳತೆಯ ಎರಡು ಉದ್ದ ಬೋಲ್ಟುಗಳ ತಲೆ ಕತ್ತರಿಸಿ ಎರಡು ತುದಿಯ ತೂತಿಗೆ ಕೈಯಲ್ಲಿ ತಿರುಗಿಸಿ ನಿಲ್ಲಿಸಿದರೆ ಗ್ಯಾಸ್ಕೆಟ್ ಅವಕ್ಕೆ ನೇತುಹಾಕಿಕೊಳ್ಳುತ್ತದೆ, ಮ್ಯಾನಿಫೋಲ್ಡ್ ಅವುಗಳ ಮೇಲೆ ನೇರವಾಗಿ ಜಾರಿ ಬಂದು ಕೂರುತ್ತದೆ. ಉಳಿದ ಬೋಲ್ಟುಗಳು ಸಿಕ್ಕಿದ ಮೇಲೆ ಆ ಎರಡನ್ನು ತೆಗೆದು ಅಸಲಿ ಬೋಲ್ಟ್ ಹಾಕಬೇಕು.

ಎಲ್ಲ ಬೋಲ್ಟುಗಳೂ ಬೆರಳಿನಲ್ಲೇ ಹಲವು ಸುತ್ತು ಹೋಗಬೇಕು. ಒಂದಾದರೂ ಸ್ಪ್ಯಾನರ್ ಕೇಳಿದರೆ ನಿಲ್ಲಿಸಿ; ಥ್ರೆಡ್ ಅಡ್ಡ ಹಿಡಿದಿದೆ ಅಥವಾ ಮ್ಯಾನಿಫೋಲ್ಡ್ ಸರಿಯಾಗಿ ಕೂತಿಲ್ಲ. ಬೋಲ್ಟನ್ನು ಮೊದಲು ಹಿಮ್ಮುಖವಾಗಿ ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಒಂದು ಕಡೆ ಅದು ಟಕ್ಕೆಂದು ಒಂದು ಮೆಟ್ಟಿಲು ಇಳಿದಂತೆ ಬೆರಳಿಗೆ ತಿಳಿಯುತ್ತದೆ. ಥ್ರೆಡ್ಡಿನ ಆರಂಭ ಅಲ್ಲಿದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ.

ಬಿಗಿಮಾಡುವುದು

ಕ್ರಮ ಯಾವಾಗಲೂ ನಡುವಿನಿಂದ ಹೊರಕ್ಕೆ. ಬೆಡ್‌ಶೀಟಿನ ಸುಕ್ಕನ್ನು ನಡುವಿನಿಂದ ಅಂಚಿಗೆ ಸವರುವ ಹಾಗೆಯೇ ಇದು: ಗ್ಯಾಸ್ಕೆಟ್ ನಡುವೆ ಅದುಮಿ ಹೊರಕ್ಕೆ ಹರಡಿಕೊಳ್ಳುತ್ತದೆ, ಫ್ಲೇಂಜ್ ತುದಿಗಳ ಕಡೆಗೆ ನಿಧಾನವಾಗಿ ಕೂರುತ್ತದೆ. ಎರಡು ತುದಿಗಳನ್ನು ಮೊದಲು ಬಿಗಿಮಾಡಿದರೆ ನಡುವೆ ಉಳಿದ ಉಬ್ಬನ್ನು ಆಮೇಲೆ ಯಾವ ಬಲವೂ ಸರಿಪಡಿಸುವುದಿಲ್ಲ. ಕೈಪಿಡಿಯಲ್ಲಿ ಸಂಖ್ಯೆ ಕೊಟ್ಟ ಚಿತ್ರವಿದ್ದರೆ ಅದನ್ನೇ ಅನುಸರಿಸಿ. ಕೆಲವು ಮ್ಯಾನಿಫೋಲ್ಡುಗಳ ಮೇಲೇ ಅಂಕಿಗಳು ಎರಕದಲ್ಲಿ ಮೂಡಿರುತ್ತವೆ, ಕೊಳೆ ಒರೆಸಿದರೆ ಕಾಣುತ್ತವೆ. ಏನೂ ಇಲ್ಲದಿದ್ದರೆ ನಡುವಿನ ಬೋಲ್ಟಿನಿಂದ ಶುರುಮಾಡಿ, ಎಡಕ್ಕೊಂದು ಬಲಕ್ಕೊಂದು, ಮೇಲೊಂದು ಕೆಳಗೊಂದು ಎಂದು ಸುತ್ತುತ್ತಾ ಹೊರಗೆ ಹೋಗಿ. ನಾನು ಸೀಮೆಸುಣ್ಣದಿಂದ ಪ್ರತಿ ಬೋಲ್ಟಿನ ಪಕ್ಕ ಅಂಕಿ ಬರೆದುಬಿಡುತ್ತೇನೆ.

ನನ್ನ ಎಂಜಿನ್‌ಗೆ 20 ನ್ಯೂಟನ್ ಮೀಟರ್. ಅದನ್ನು ಒಂದೇ ಸಲಕ್ಕೆ ಮುಟ್ಟುವುದಿಲ್ಲ. ಮೊದಲ ಸುತ್ತಿನಲ್ಲಿ ಸಾಕೆಟ್ಟನ್ನು ಬರಿಗೈಯಲ್ಲಿ ಹಿಡಿದು, ವಾಷರ್ ಫ್ಲೇಂಜಿಗೆ ತಾಗುವವರೆಗೆ. ಎರಡನೆಯ ಸುತ್ತು 8ಕ್ಕೆ, ಮೂರನೆಯದು 14ಕ್ಕೆ, ನಾಲ್ಕನೆಯದು 20ಕ್ಕೆ, ಪ್ರತಿ ಸಲವೂ ಅದೇ ಕ್ರಮದಲ್ಲಿ. ರೆಂಚನ್ನು ಹಿಡಿಕೆಯ ನಡುವೆ ಒಂದೇ ಕೈಯಲ್ಲಿ ಹಿಡಿದು ನಿಧಾನವಾಗಿ, ಎಲ್ಲೂ ನಿಲ್ಲಿಸದೆ ಎಳೆಯಬೇಕು. ಜರ್ಕ್ ಕೊಟ್ಟರೆ ಅಂಕಿ ಮೀರಿ ಹೋಗುತ್ತದೆ. ಕ್ಲಿಕ್ ಆದ ಕೂಡಲೇ ಕೈ ಬಿಡಿ. ಖಚಿತಕ್ಕೆಂದು ಮತ್ತೊಮ್ಮೆ ಕ್ಲಿಕ್ ಮಾಡಿಸುವ ಅಭ್ಯಾಸ ಹಲವರಿಗಿದೆ; ಪ್ರತಿ ಹೆಚ್ಚುವರಿ ಕ್ಲಿಕ್ ಬೋಲ್ಟನ್ನು ಚೂರು ಮುಂದಕ್ಕೆ ತಳ್ಳಬಹುದು. ಎಳೆಯುವಾಗ ಬೋಲ್ಟ್ ತಿರುಗುತ್ತಲೇ ಇದ್ದು ಕೈಗೆ ಗಟ್ಟಿಯಾಗದೆ ಮೆತ್ತಗೆ ಅನ್ನಿಸಿದರೆ ಕ್ಲಿಕ್ಕಿಗೆ ಕಾಯಬೇಡಿ. ಆ ಥ್ರೆಡ್ ಕಿತ್ತು ಬರುತ್ತಿದೆ.

ನಾಲ್ಕನೆಯ ಸುತ್ತು ಮುಗಿದ ಮೇಲೆ ಐದನೆಯದೊಂದು ಇದೆ, ನನಗೆ ಅತ್ಯಂತ ಪ್ರಿಯವಾದದ್ದು. ರೆಂಚ್ 20ರಲ್ಲೇ ಇರಲಿ. ಹತ್ತು ನಿಮಿಷ ಬಿಟ್ಟು ನಡುವಿನ ಬೋಲ್ಟಿಗೆ ಹಿಂದಿರುಗಿ. ಆಗಲೇ 20ಕ್ಕೆ ಕ್ಲಿಕ್ ಎಂದಿದ್ದ ಆ ಬೋಲ್ಟ್ ಕ್ಲಿಕ್ಕಿಗೆ ಮುಂಚೆ ಮತ್ತೆ ಚೂರು ತಿರುಗುತ್ತದೆ, ಕೆಲವೊಮ್ಮೆ ಗಡಿಯಾರದ ಮುಳ್ಳು ಒಂದು ನಿಮಿಷ ಸರಿದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಪಕ್ಕದ ಬೋಲ್ಟುಗಳು ಗ್ಯಾಸ್ಕೆಟನ್ನು ಅದುಮಿದಾಗ ಇದರ ಎಳೆತ ಇಳಿದಿರುತ್ತದೆ. ತುದಿಯ ಬೋಲ್ಟುಗಳಿಗೆ ಬರುವ ಹೊತ್ತಿಗೆ ತಿರುಗುವುದು ನಿಂತಿರುತ್ತದೆ. ಮತ್ತೊಂದು ಸುತ್ತಿನಲ್ಲಿ ಯಾವ ಬೋಲ್ಟೂ ಅಲುಗದೆ ಕ್ಲಿಕ್ ಎಂದರೆ ಎಲ್ಲವೂ ಸಮನಾಗಿ ಹಿಡಿದಿವೆ ಎಂದು ನಂಬಬಹುದು. ಆಗ ಬಣ್ಣದ ಪೆನ್ನಿನಿಂದ ಬೋಲ್ಟಿನ ತಲೆಯಿಂದ ಫ್ಲೇಂಜಿನವರೆಗೆ ಸಣ್ಣ ಗೆರೆ ಎಳೆಯುತ್ತೇನೆ.

ಕೆಳಸಾಲಿನ ಬೋಲ್ಟುಗಳಿಗೆ ಕೈ ಹೋಗುವುದು ಕಷ್ಟ. ನೇರವಾದ ಎಕ್ಸ್‌ಟೆನ್ಷನ್ ಹಾಕಿದರೆ ಅಂಕಿ ಬದಲಾಗುವುದಿಲ್ಲ. ತಿರುಗುವ ಕೀಲಿನ ಜಾಯಿಂಟ್ ಹಾಕಿದರೆ ಕೋನ ಹೆಚ್ಚಿದಷ್ಟೂ ಅಂಕಿ ತಪ್ಪುತ್ತದೆ. ತೆರೆದ ಬಾಯಿಯ ಕ್ರೋಫುಟ್ ತುಂಡನ್ನು ರೆಂಚಿಗೆ ಲಂಬವಾಗಿ, 90 ಡಿಗ್ರಿಯಲ್ಲಿ ಸಿಕ್ಕಿಸಿದರೆ ಲೆಕ್ಕ ಬದಲಿಸಬೇಕಾಗಿಲ್ಲ. ನೇರವಾಗಿ ಮುಂದಕ್ಕೆ ಚಾಚಿದಂತೆ ಸಿಕ್ಕಿಸಿದರೆ ರೆಂಚಿನ ಉದ್ದ ಹೆಚ್ಚಿದಂತೆ, ಹಾಗಾಗಿ ಅಂಕಿಯನ್ನು ಇಳಿಸಬೇಕು: ಬೇಕಾದ ಟಾರ್ಕನ್ನು ರೆಂಚಿನ ಉದ್ದದಿಂದ ಗುಣಿಸಿ, ರೆಂಚ್ ಮತ್ತು ತುಂಡಿನ ಒಟ್ಟು ಉದ್ದದಿಂದ ಭಾಗಿಸಿ. 300 ಮಿಲಿಮೀಟರಿನ ರೆಂಚಿಗೆ 30 ಮಿಲಿಮೀಟರಿನ ತುಂಡಾದರೆ 20ರ ಬದಲು ಸುಮಾರು 18ಕ್ಕೆ ಇಡಬೇಕು.

ಇನ್‌ಟೇಕ್ ಮತ್ತು ಎಗ್ಸಾಸ್ಟ್ ಎರಡೂ ಹೆಡ್ಡಿನ ಒಂದೇ ಬದಿಯಲ್ಲಿರುವ ಹಳೆಯ ಎಂಜಿನ್‌ಗಳಲ್ಲಿ ಒಂದು ವಿಶೇಷವಿದೆ. ಬ್ರಿಟನ್ನಿನ ಕಾರು ಕಂಪನಿ ಬಿಎಂಸಿಯ ಎ-ಸರಣಿಯಂಥ ಎಂಜಿನ್‌ಗಳಲ್ಲಿ ಒಂದೇ ಸ್ಟಡ್ಡಿನ ದಪ್ಪ ವಾಷರ್ ಎರಡೂ ಮ್ಯಾನಿಫೋಲ್ಡುಗಳ ಫ್ಲೇಂಜನ್ನು ಒಟ್ಟಿಗೆ ಹಿಡಿಯುತ್ತದೆ. ಒಂದು ಫ್ಲೇಂಜ್ ಇನ್ನೊಂದಕ್ಕಿಂತ ತೆಳುವಾಗಿದ್ದರೆ ವಾಷರ್ ಓರೆಯಾಗುತ್ತದೆ, ತೆಳುವಾದ ಕಡೆ ಹಿಡಿತವೇ ಇರುವುದಿಲ್ಲ. ಮ್ಯಾನಿಫೋಲ್ಡುಗಳಲ್ಲಿ ಒಂದನ್ನು ಬದಲಾಯಿಸಿದ್ದರೆ ಅಥವಾ ಮಷೀನ್ ಮಾಡಿಸಿದ್ದರೆ ಎರಡರ ದಪ್ಪವನ್ನೂ ಅಳೆದು ನೋಡಿ. ಸ್ಟಡ್ ಇರುವಲ್ಲಿ ನಟ್ ಬಿಚ್ಚುವಾಗ ಸ್ಟಡ್ಡೇ ಹೊರಬಂದಿದ್ದರೆ ಎರಡು ನಟ್ಟುಗಳನ್ನು ಒಂದರ ಮೇಲೊಂದು ಬಿಗಿದು ಅದನ್ನು ಹೆಡ್ಡಿಗೆ ಮರಳಿ ಕೂರಿಸಿ, ಆಮೇಲೆ ಮುಂದಿನ ಕೆಲಸ.

ಪರೀಕ್ಷೆ

ಎಂಜಿನ್ ಚಾಲೂ ಮಾಡುವ ಮುನ್ನ ಪೆಟ್ರೋಲ್ ಪೈಪ್, ಬ್ರೇಕ್ ಬೂಸ್ಟರಿನ ಪೈಪ್, ಉಳಿದ ಸಣ್ಣ ವ್ಯಾಕ್ಯೂಮ್ ಪೈಪುಗಳು ಎಲ್ಲ ತಮ್ಮ ಜಾಗದಲ್ಲಿವೆಯೇ ನೋಡಿ. ಬಿರಿದ ಪೈಪ್ ಕೊಡುವ ಲಕ್ಷಣವೂ ಸಡಿಲ ಬೋಲ್ಟಿನದೇ.

ಸೋರಿಕೆ ಹುಡುಕಲು ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಪಕ್ಕದಲ್ಲೇ ಕಾದ ಎಗ್ಸಾಸ್ಟ್ ಇರುತ್ತದೆ. ನೀರಿನ ಸಣ್ಣ ಸ್ಪ್ರೇ ಸಾಕು. ಇಗ್ನಿಷನ್ ತಂತಿಗಳನ್ನೂ ಡಿಸ್ಟ್ರಿಬ್ಯೂಟರನ್ನೂ ತಪ್ಪಿಸಿ, ಫ್ಲೇಂಜಿನ ಅಂಚಿಗೆ ಸ್ವಲ್ಪಸ್ವಲ್ಪ ಸಿಂಪಡಿಸುತ್ತಾ ಹೋಗಿ. ನೀರು ಸಂದನ್ನು ಕ್ಷಣ ಮಾತ್ರ ಮುಚ್ಚಿದಾಗ ಎಂಜಿನ್‌ನ ಸ್ವರ ಬದಲಾಗುತ್ತದೆ. ಇಲ್ಲವೇ ಒಂದು ಮೀಟರಿನಷ್ಟು ರಬ್ಬರ್ ಪೈಪ್ ತೆಗೆದುಕೊಂಡು ಒಂದು ತುದಿ ಕಿವಿಯ ಬಳಿ ಇಟ್ಟು, ಇನ್ನೊಂದನ್ನು ಫ್ಲೇಂಜಿನ ಅಂಚಿನುದ್ದಕ್ಕೂ ಸರಿಸಿ. ಸೋರುವ ಜಾಗದಲ್ಲಿ ಸುಯ್ಯೆಂಬ ಸದ್ದು ಥಟ್ಟನೆ ದೊಡ್ಡದಾಗುತ್ತದೆ. ಫ್ಯಾನ್ ಬೆಲ್ಟಿನಿಂದ ಪೈಪನ್ನೂ ತೋಳನ್ನೂ ದೂರ ಇಡಿ.

ವ್ಯಾಕ್ಯೂಮ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಸಮುದ್ರಮಟ್ಟದಲ್ಲಿ, ಬಿಸಿಯಾದ ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ ಪಾದರಸದ 17ರಿಂದ 21 ಅಂಗುಲ ತೋರಿಸುತ್ತದೆ, ಮುಳ್ಳು ಅಲುಗದೆ ನಿಲ್ಲುತ್ತದೆ. ಎತ್ತರದ ಊರಿನಲ್ಲಿ ಪ್ರತಿ 1,000 ಅಡಿಗೆ ಸುಮಾರು ಒಂದು ಅಂಗುಲ ಕಡಿಮೆ ಓದುತ್ತದೆ, ಅದನ್ನು ದೋಷವೆಂದು ತಿಳಿಯಬೇಡಿ. ಮುಳ್ಳು ಸ್ಥಿರವಾಗಿದ್ದೂ ಬಹಳ ಕೆಳಗಿದ್ದರೆ ಸೋರಿಕೆ ಇರಬಹುದು, ಇಗ್ನಿಷನ್ ಟೈಮಿಂಗ್ ತಡವಾಗಿದ್ದರೂ ಹಾಗೆಯೇ ಕಾಣುತ್ತದೆ.

ಕಾಗದದ ಅಥವಾ ನಾರಿನ ಗ್ಯಾಸ್ಕೆಟ್ ಹಾಕಿದ್ದರೆ ಕೆಲವು ದಿನ ಓಡಿಸಿದ ಮೇಲೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಬೋಲ್ಟುಗಳನ್ನು ಮತ್ತೊಮ್ಮೆ ನೋಡಬೇಕು. ನಿಂತಿರುವ ಬೋಲ್ಟನ್ನು ಅಲುಗಿಸಲು ಹೆಚ್ಚು ಬಲ ಬೇಕಾಗುವುದರಿಂದ ಹಾಗೆಯೇ ರೆಂಚ್ ಹಾಕಿದರೆ ಬೋಲ್ಟ್ ಸ್ವಲ್ಪ ಸಡಿಲವಾಗಿದ್ದರೂ ಅದು ಕ್ಲಿಕ್ ಎಂದು ಬಿಡಬಹುದು. ಹಾಗಾಗಿ ಒಂದೇ ಒಂದು ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ, ಮತ್ತೆ ಪೂರ್ತಿ ಟಾರ್ಕಿಗೆ ತಂದು, ಆಮೇಲೆ ಮುಂದಿನದಕ್ಕೆ ಹೋಗುತ್ತೇನೆ, ಅದೇ ನಡುವಿನಿಂದ ಹೊರಗಿನ ಕ್ರಮದಲ್ಲಿ. ಬಣ್ಣದ ಗೆರೆ ಎಷ್ಟು ಸರಿಯಿತು ಎಂಬುದರಿಂದ ಗ್ಯಾಸ್ಕೆಟ್ ಎಷ್ಟು ಕೂತಿದೆ ಎಂದು ತಿಳಿಯುತ್ತದೆ. ತೋಡಿನಲ್ಲಿ ಕೂರುವ ರಬ್ಬರಿನ ಗ್ಯಾಸ್ಕೆಟುಗಳಿಗೆ ಸಾಮಾನ್ಯವಾಗಿ ಇದು ಬೇಕಾಗುವುದಿಲ್ಲ.

ಕಾರ್ಬ್ಯುರೇಟರಿನ ಸ್ಕ್ರೂ ಮುಟ್ಟುವುದು ಈಗ. ಸೋರಿಕೆ ಇದ್ದಾಗ ಮಾಡಿದ ಹೊಂದಾಣಿಕೆ ಈಗ ಅತಿಯಾದ ಪೆಟ್ರೋಲ್ ಕೊಡುತ್ತಿರುತ್ತದೆ. ಹೊಗೆಯ ವಾಸನೆಯಲ್ಲೂ ಪ್ಲಗ್ಗಿನ ಮಸಿಯಲ್ಲೂ ಅದು ಗೊತ್ತಾಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಿಕ್ಸ್ಚರ್ ಸ್ಕ್ರೂ ಅನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಎಂಜಿನ್ ಅತ್ಯಂತ ವೇಗವಾಗಿ, ನಯವಾಗಿ ಓಡುವ ಜಾಗವನ್ನು ಹುಡುಕಿ. ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ವೇಗವನ್ನು ಕೈಪಿಡಿಯ ಅಂಕಿಗೆ ಇಳಿಸಿ, ಮಿಕ್ಸ್ಚರನ್ನು ಇನ್ನೊಮ್ಮೆ ನೋಡಿ. ನನ್ನ ಕಾರಿನಲ್ಲಿ ಆ ಸ್ಕ್ರೂ ಕೊನೆಗೆ ನಿಂತದ್ದು ಕೈಪಿಡಿ ಆರಂಭಕ್ಕೆಂದು ಹೇಳಿದ್ದ ಜಾಗದ ತೀರಾ ಹತ್ತಿರದಲ್ಲಿ.